ಫಾರಿನ್ನಿಗೆ ಹೊರಟವರಿಗೆ ಬಿಟ್ಟಿ ಬುದ್ಧಿವಾದ

ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡವರಿಗೆ ಬುದ್ಧಿ ಹೇಳುವುದು ಸುಲಭ. ಅವರು ತಿರುಗಿ ಮಾತಾಡುವುದಿಲ್ಲ. ಹೊಸದುರ್ಗದಲ್ಲಿ ನನ್ನದು ಬ್ಲೌಸ್ ಹೊಲಿಯುವ ಅಂಗಡಿ. ಅಳತೆ ಕೊಡಲು ಕೈ ಅಗಲಿಸಿ ನಿಂತ ಹೆಂಗಸರಿಗೆ ಆ ಹೊತ್ತಿನಲ್ಲಿ ಬೇರೆ ಕೆಲಸ ಇರುವುದಿಲ್ಲ, ಆದ್ದರಿಂದ ಅವರ ಬಾಯಿ ಕೆಲಸ ಮಾಡುತ್ತದೆ. ಸೊಸೆಯನ್ನು ಹದ್ದುಬಸ್ತಿನಲ್ಲಿಡುವುದು ಹೇಗೆ, ಸಕ್ಕರೆ ಕಾಯಿಲೆಗೆ ಹಾಗಲಕಾಯಿ ರಸ ಯಾವಾಗ ಕುಡಿಯಬೇಕು, ಇವೆಲ್ಲ ನನ್ನ ಕಿವಿಗೆ ಬಿಟ್ಟಿಯಾಗಿ ಬೀಳುತ್ತಲೇ ಇರುತ್ತವೆ. ಕೇಳಿ ಕೇಳಿ ಅಭ್ಯಾಸವೂ ಆಗಿತ್ತು. ಆದರೆ ಈಚೆಗೆ ನಾನು ಮಲೇಷ್ಯಾಕ್ಕೆ ಹೋಗುತ್ತೇನೆಂದು ಬಾಯಿತಪ್ಪಿ ಹೇಳಿದ ಮೇಲೆ ಬಂದು ಬಿದ್ದ ಬುದ್ಧಿವಾದವಿದೆಯಲ್ಲ, ಅದನ್ನು ಹೊರಲು ಒಂದು ಕತ್ತೆ ಸಾಲುತ್ತಿರಲಿಲ್ಲ.

ಯಾಕೆ ಹೋಗಬೇಕೆನ್ನಿಸಿತು ಎಂದರೆ, ಹೊಟ್ಟೆಕಿಚ್ಚಿನಿಂದ. ಸುಳ್ಳು ಯಾಕೆ ಹೇಳಲಿ? ದುಬೈ, ಸಿಂಗಾಪುರ, ಬ್ಯಾಂಕಾಕ್ ಎಂದು ಹೊರಟವರಿಗೆಲ್ಲ ಅವಸರದ ಬ್ಲೌಸು ಹೊಲಿದುಕೊಟ್ಟವಳು ನಾನು. ಹೋಗಿ ಬಂದ ಮೇಲೆ ಅದೇ ಹೆಂಗಸರು ಮುಂದಿನ ಬ್ಲೌಸಿಗೆ ಬಂದು, ಫೋನಿನಲ್ಲಿ ಫೋಟೋ ತೋರಿಸುತ್ತಾರೆ. ಫೋಟೋದಲ್ಲಿ ಹಿಂದೆ ಯಾವುದೋ ಎತ್ತರದ ಕಟ್ಟಡ, ಮುಂದೆ ನನ್ನ ಹೊಲಿಗೆ. ನನ್ನ ಕೈಯ ಹೊಲಿಗೆ ಅಷ್ಟು ದೇಶ ಸುತ್ತಿತ್ತು. ನಾನು ಮಾತ್ರ ಹಿರಿಯೂರು ದಾಟಿದರೆ ಬೆಂಗಳೂರು, ಅದೂ ಲೈನಿಂಗ್ ಬಟ್ಟೆ ತರಲು, ಗಂಡನ ಜೊತೆ.

ಆ ಗಂಡನೋ, ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದು ನಿವೃತ್ತನಾದ ಮನುಷ್ಯ. ಬೇರೆಯವರು ಓಡಿಸುವ ಗಾಡಿಯಲ್ಲಿ ಅವರಿಗೆ ನಂಬಿಕೆಯಿಲ್ಲ. "ವಿಮಾನ ಓಡ್ಸೋನು ಎಂಥೋನೋ ಏನೋ, ಮುಂದೆ ಕುಂತು ನೋಡಾಕೂ ಬಿಡಲ್ಲ. ನಾನು ಬರಲ್ಲ, ನೀನು ಹೋಗ್ಬಾ" ಎಂದು ಪೇಪರು ಮುಖಕ್ಕೆ ಹಿಡಿದರು. ಆಗ ನಾನು ಅಕ್ಕನಿಗೆ ಫೋನು ಮಾಡಿದೆ.

ಅಕ್ಕ ಎಂದರೆ ನನ್ನ ಒಡಹುಟ್ಟಿದವಳು. ಮಾಡದಕೆರೆ ಕಡೆ ಹಳ್ಳಿಗೆ ಕೊಟ್ಟಿದ್ದಾರೆ. ಹೊಲ ಇದೆ, ಕುರಿ ಇವೆ. ಅವಳ ಜೀವಮಾನದಲ್ಲಿ ಯಾವ ಮದುವೆಗೆ, ಯಾವ ನಾಮಕರಣಕ್ಕೆ ಕರೆದರೂ ಒಂದೇ ಉತ್ತರ: "ಕುರಿ ಯಾರ್ ನೋಡ್ತಾರೆ?" ನನ್ನ ಮಗಳ ಮದುವೆಯಲ್ಲೇ ಧಾರೆ ಮುಗಿಯುತ್ತಲೂ ಎಲೆಯ ಮುಂದೆ ಕೂರದೆ ಹೊರಟವಳು. ಈಗಲೂ ಅದನ್ನೇ ಹೇಳುತ್ತಾಳೆಂದು ಗೊತ್ತಿದ್ದೇ ಕೇಳಿದೆ.

"ಯಾರ್ ಯಾರು ಹೋಗ್ತೀರಿ?" ಎಂದಳು.

"ಯಾರೂ ಇಲ್ಲ. ಇವರು ಬರಲ್ಲಂತೆ. ನೀನು ಬಂದ್ರೆ ನಾನೂ ನೀನೂ. ಬರ್ಲಿಲ್ಲಾಂದ್ರೆ ನಾನೊಬ್ಬಳೇ ಹೋಗ್ತೀನಿ, ನಂಗೇನು."

ಫೋನಿನಲ್ಲೇ ಯಾವುದೋ ಕುರಿಯನ್ನು ಗದರಿಸಿದಳು. ಆಮೇಲೆ, "ಕುರಿ ನನ್ನ ಮಗ ನೋಡ್ಕಂತಾನೆ ಬಿಡು. ಬರ್ತೀನಿ" ಎಂದಳು. ಯಾವ ದೇಶ ಎಂದು ಕೂಡ ಕೇಳಲಿಲ್ಲ. ಮುದುಕಿಗೂ ಆಸೆ ಇತ್ತಲ್ಲ, ಇಷ್ಟು ವರ್ಷ ಕುರಿಯ ನೆಪ ಹೇಳುತ್ತಿದ್ದಳು ಎಂದುಕೊಂಡೆ.

ಇಷ್ಟಾದ ಮೇಲೆ ನಾನು ಮಾಡಿದ ತಪ್ಪೆಂದರೆ, ನಾವಿಬ್ಬರೇ ಹೋಗುತ್ತೇವೆ, ಯಾವ ಗುಂಪಿನ ಬಾಲವೂ ಹಿಡಿಯುವುದಿಲ್ಲ ಎಂದು ಅಂಗಡಿಯಲ್ಲಿ ಸಾರಿದ್ದು. ಬ್ಲೌಸಿನ ಅಂಗಡಿಯಲ್ಲಿ ಹೇಳಿದ್ದು ಸಂಜೆಯೊಳಗೆ ಪೇಟೆಗೆಲ್ಲ ಗೊತ್ತಾಗುತ್ತದೆ. ಇನ್ನು ಹೋಗಲೇಬೇಕು. ಹೋಗದೆ ಅರ್ಧ ದಾರಿಯಿಂದ ವಾಪಸ್ಸು ಬಂದರೆ ಆ ಅಂಗಡಿಯ ಬಾಗಿಲು ತೆಗೆಯುವ ಮುಖ ನನಗಿರುವುದಿಲ್ಲ. ಪ್ರತಿ ಅಳತೆಗೂ ಒಂದೊಂದು ಅನುಕಂಪ ಕೇಳಬೇಕಾಗುತ್ತದೆ. ಅದನ್ನು ಕೇಳುವ ಬದಲು ಕತ್ತರಿಯನ್ನು ಕೆರೆಗೆ ಎಸೆಯುವುದೇ ವಾಸಿ.

ಬುದ್ಧಿ ಹೇಳಲು ಮೊದಲು ಬಂದವಳು ಹೊಳಲ್ಕೆರೆಯ ಸಿಮೆಂಟ್ ಅಂಗಡಿಯವರ ಹೆಂಡತಿ. ಹೊಳಲ್ಕೆರೆಯಲ್ಲಿ ದರ್ಜಿಗಳೇ ಸತ್ತುಹೋಗಿದ್ದಾರೇನೋ ಎಂಬಂತೆ ನನ್ನ ಹತ್ತಿರವೇ ಬರುತ್ತಾಳೆ. ಗುಂಪಿನಲ್ಲಿ ಸಿಂಗಾಪುರಕ್ಕೆ ಹೋಗಿಬಂದವಳು. "ಅಲ್ಲಿ ಉಣ್ಣಾಕೆ ಏನೂ ಸಿಗಲ್ಲ ಕಣ್ರಿ. ಅವಲಕ್ಕಿ, ಚಟ್ನಿಪುಡಿ, ಉಪ್ಪಿನಕಾಯಿ ಇಟ್ಕಳ್ರಿ. ಒಂದು ಸಣ್ಣ ಕುಕ್ಕರೂ ಇರ್ಲಿ. ನಾನು ರೂಮಿನ ಬಾತ್‌ರೂಮ್‌ನಾಗೆ ಅನ್ನ ಮಾಡಿದೆ. ಹೊಗೆ ಅಂತ ಗಂಟೆ ಹೊಡ್ಕಂಡು ಹೋಟ್ಲೋರೆಲ್ಲ ಓಡಿ ಬಂದ್ರು" ಎಂದು ಹೆಮ್ಮೆಯಿಂದ ಹೇಳಿದಳು. ನಾನು ಗುಂಡುಸೂಜಿಗಳನ್ನು ಬಾಯಿಂದ ತೆಗೆದು, ಅಲ್ಲಿ ಏನೇನು ನೋಡಿದಿರಿ ಎಂದು ಕೇಳಿದೆ. ಅವಳು ಕೈ ಅಗಲಿಸಿಕೊಂಡೇ ಬಹಳ ಹೊತ್ತು ಯೋಚಿಸಿ, "ರೂಮು ಭಾಳ ಚೆನ್ನಾಗಿತ್ತು" ಎಂದಳು. ಸಮುದ್ರ ದಾಟಿಹೋಗಿ ಬಚ್ಚಲಿನಲ್ಲಿ ಅನ್ನ ಬೇಯಿಸಿ ಬಂದವಳು ನನಗೆ ದಾರಿ ತೋರಿಸುತ್ತಾಳೆ.

ಆಮೇಲೆ ಚಿತ್ರದುರ್ಗದ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರು. ಹೆಂಡತಿಯ ಬ್ಲೌಸ್ ತೆಗೆದುಕೊಂಡು ಹೋಗಲು ಬಂದವರು ಬಾಗಿಲಲ್ಲೇ ನಿಂತು ಭಾಷಣ ಶುರುಮಾಡಿದರು. ವಿದೇಶದಲ್ಲಿ ಹಣವನ್ನು ಒಂದೇ ಕಡೆ ಇಡಬಾರದು, ಒಳಲಂಗಕ್ಕೆ ಒಂದು ಜೇಬು ಹೊಲಿಸಿಕೊಳ್ಳಬೇಕು, ಜಿಪ್ ಇದ್ದರೆ ಇನ್ನೂ ಒಳ್ಳೆಯದು. ಮೂವತ್ತು ವರ್ಷದಿಂದ ಮೆಷಿನ್ ತುಳಿಯುತ್ತಿರುವವಳಿಗೆ ಜೇಬು ಎಲ್ಲಿ ಹೊಲಿಯಬೇಕೆಂದು ಗಾಳಿಯಲ್ಲಿ ಬೆರಳಾಡಿಸಿ ತೋರಿಸಿದರು. ಅವರ ಹೆಂಡತಿ ರವಿಕೆಯ ಕಂಕುಳಲ್ಲಿ ಹೊಲಿಗೆ ಬಿಟ್ಟುಕೊಂಡು ವರ್ಷಗಟ್ಟಲೆ ತಿರುಗಿದ್ದು ಅವರಿಗೆ ಯಾವತ್ತಾದರೂ ಕಂಡಿತ್ತೋ ಇಲ್ಲವೋ.

ಚಿಕ್ಕಜಾಜೂರಿನಿಂದ ನಮ್ಮ ಸೋದರಮಾವನ ಮಗ ಬಂದ. ನನಗೆ ಭಾವ ಆಗಬೇಕು. ರೈಲ್ವೆಯಲ್ಲಿದ್ದು ರಿಟೈರ್ ಆದವನು. ಚೀಲದಿಂದ ಒಂದು ಸರಪಳಿ ಮತ್ತು ಬೀಗ ತೆಗೆದು ನನ್ನ ಮೆಷಿನ್ ಮೇಲೆ ಇಟ್ಟ.

"ಸೂಟ್‌ಕೇಸ್ ಸೀಟಿನ ಕಾಲಿಗೆ ಕಟ್ಟಿ ಬೀಗ ಹಾಕ್ಕ. ನಿದ್ದೆ ಹತ್ತಿದ್ ಮ್ಯಾಲೆ ಎತ್ಕಂಡು ಹೋಗ್ಬಿಡ್ತಾರೆ."

"ವಿಮಾನದಾಗೆ ಎತ್ಕಂಡು ಎಲ್ಲಿಗಪ್ಪ ಹೋಗ್ತಾರೆ? ಕಿಟಕಿಯಿಂದ ಹಾರ್ತಾರಾ?"

"ನಿಂಗೆ ಗೊತ್ತಾಗಲ್ಲ. ಹತ್ತಿದ ತಕ್ಷಣ ಕಿಟಕಿ ಪಕ್ಕ ಟವಲ್ ಹಾಕಿ ಸೀಟು ಹಿಡಿ. ಲೇಟ್ ಮಾಡಿದ್ರೆ ನಿಂತ್ಕಂಡೇ ಹೋಗ್ಬೇಕಾಗ್ತತೆ."

ಅವನಿಗೆ ಕಾಫಿ ಕೊಟ್ಟು ಕಳಿಸಿದೆ. ಆ ಸರಪಳಿ ಪಕ್ಕದ ಮನೆಯ ನಾಯಿಗೆ ಸರಿಯಾಯಿತು.

ಇಬ್ಬರ ಪಾಸ್‌ಪೋರ್ಟೂ ಬಂದ ಮೇಲೆ ಟಿಕೆಟ್ ಮಾಡಿಸಲು ಚಿತ್ರದುರ್ಗದ ಟ್ರಾವೆಲ್ ಏಜೆಂಟನ ಹತ್ತಿರ ಹೋದೆ. ಮೇಜಿನ ಮೇಲೆ ತಿರುಗುವ ಭೂಗೋಳ, ಗೋಡೆಯ ತುಂಬ ಸಮುದ್ರದ ಚಿತ್ರ. ಮಾತಾಡುವಾಗ ಭೂಗೋಳವನ್ನು ಬೆರಳಿನಿಂದ ತಿರುಗಿಸುತ್ತಲೇ ಇರುತ್ತಾನೆ. ನೀವು ಯಾವ ಯಾವ ದೇಶ ನೋಡಿದ್ದೀರಪ್ಪ ಎಂದು ಕೇಳಿದರೆ, "ಪಾಸ್‌ಪೋರ್ಟೇ ಮಾಡ್ಸಿಲ್ಲ ಮೇಡಂ, ಟೈಮ್ ಎಲ್ಲೈತೆ?" ಎಂದ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಎಂಬ ಜಾತಿ. ಅಕ್ಕ ಓದಿದವಳಲ್ಲ ಎಂದು ತಿಳಿದ ಕೂಡಲೇ ಅವನ ದನಿ ಗಂಭೀರವಾಯಿತು.

"ಮೇಡಂ, ಇಬ್ಬರ ಪಾಸ್‌ಪೋರ್ಟೂ ನಿಮ್ಮತ್ರಾನೇ ಇರ್ಲಿ. ಅವರ ಕೈಗೆ ಕೊಡಬ್ಯಾಡ್ರಿ. ಯಾರೇನ್ ಕೇಳಿದ್ರೂ ನೀವೇ ಉತ್ತರ ಹೇಳ್ರಿ. ಅವರು ಬಾಯಿ ಬಿಟ್ರೆ ಕೆಲ್ಸ ಕೆಡ್ತತೆ. ಆಮೇಲೆ ಇಂಗ್ಲಿಷ್‌ನಾಗೇ ಮಾತಾಡ್ರಿ. ಕನ್ನಡ ಅಂದ್ರೆ ಸಸಾರ ಮಾಡ್ತಾರೆ."

ಉಳಿದವರ ಮಾತೆಲ್ಲ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟವಳು, ಇವನ ಮಾತನ್ನು ಮಾತ್ರ ಹಿಡಿದುಕೊಂಡೆ. ಪಾಸ್‌ಪೋರ್ಟಿಲ್ಲದವನ ಮಾತು. ಯಾಕೆಂದು ಆಗ ನನಗೂ ಗೊತ್ತಿರಲಿಲ್ಲ.

ಇಷ್ಟು ಸಾಲದು ಎಂದು ಫೋನು. ಮಲೇಷ್ಯಾ ಎಂದು ಒಮ್ಮೆ ಹುಡುಕಿದ್ದಕ್ಕೆ ಅದು ದಿನವೂ ಬುದ್ಧಿ ಹೇಳಲು ನಿಂತಿತು. ಯಾವನೋ ಒಬ್ಬ ಕಣ್ಣಿಗೆ ಕಪ್ಪು ಕನ್ನಡಕ ಹಾಕಿಕೊಂಡು, ಹಾಯ್ ಫ್ರೆಂಡ್ಸ್ ಎಂದು, ಮಲೇಷ್ಯಾದಲ್ಲಿ ಮಾಡಬಾರದ ತಪ್ಪುಗಳನ್ನು ಹೇಳುತ್ತಾನೆ. ದೇವಸ್ಥಾನ ತೋರಿಸಲಿ, ಸಮುದ್ರ ತೋರಿಸಲಿ, ಮುಕ್ಕಾಲು ಪಾಲು ಅವನ ಮುಖವೇ. ಒಂದು ದೇಶವನ್ನು ತನ್ನ ಮೂತಿಯಿಂದ ಮುಚ್ಚಲು ಸಾಧ್ಯವೆಂದು ನನಗೆ ಅವನನ್ನು ನೋಡಿಯೇ ಗೊತ್ತಾಗಿದ್ದು.

ಹೊರಡುವ ಹಿಂದಿನ ದಿನ ಅಕ್ಕ ನಮ್ಮ ಮನೆಗೆ ಬಂದಳು. ಕೈಯಲ್ಲೊಂದು ಚೀಲ, ಹೆಗಲ ಮೇಲೆ ಮಡಿಚಿದ ಕರಿ ಕಂಬಳಿ.

"ಅಕ್ಕಾ, ಕಂಬಳಿ ಯಾಕೆ? ಅಲ್ಲಿ ಸೆಕೆ."

"ಇರ್ಲಿ ಬಿಡು. ಎಲ್ಲೋದ್ರೂ ಹಾಕ್ಕಂತೀನಿ."

"ನೋಡಿದೋರು ನಗ್ತಾರೆ."

"ನಕ್ರೆ ಹಲ್ಲು ಕಾಣ್ತವೆ," ಎಂದು ಅಕ್ಕ ಚೀಲ ಒಳಗಿಟ್ಟಳು.

ಬೆಳಿಗ್ಗೆ ಹೊರಟೆವು. ಹಿರಿಯೂರಿನಲ್ಲಿ ಬಸ್ಸು ಬದಲಾಯಿಸುವಾಗ ಇಡ್ಲಿ ತಿಂದೆವು, ಕಲ್ಲಿನ ಹಾಗಿತ್ತು. ಹೋಟೆಲಿನವನಿಗೆ ಹೇಳಿದೆ. ಬೆಂಗಳೂರಿನ ಬಸ್ಸಿನ ಕಂಡಕ್ಟರ್ ಸೀಟಿನ ಮೇಲೆ ಯಾರದೋ ಕೋಳಿ ಪುಕ್ಕ ಬಿದ್ದಿದ್ದರೂ ನೋಡಿರಲಿಲ್ಲ, ಅವನಿಗೂ ಹೇಳಿದೆ. ಮುಂದಿನ ಸೀಟಿನವನು ಫೋನಿನಲ್ಲಿ ಕಿರುಚುತ್ತಿದ್ದ, ಅವನಿಗೆ ಹೇಳಿದೆ. ದಾರಿಯುದ್ದಕ್ಕೂ ಟೋಲಿನವರು, ಮೇಲ್ಸೇತುವೆ ಕಟ್ಟಿದವರು, ಯಾರೂ ತಮ್ಮ ಕೆಲಸ ನೆಟ್ಟಗೆ ಮಾಡಿರಲಿಲ್ಲ. ವಿಮಾನ ನಿಲ್ದಾಣದಲ್ಲಿ ಕಾಫಿ ಕೊಟ್ಟವನಿಗಂತೂ ಇದು ಕಾಫಿಯೋ ಪಾತ್ರೆ ತೊಳೆದ ನೀರೋ ಎಂದು ಕೇಳಿಯೇಬಿಟ್ಟೆ. ಅಕ್ಕ ಮಧ್ಯೆ ಮಧ್ಯೆ ನೀರಿನ ಬಾಟಲಿ ನನ್ನ ಕೈಗೆ ಕೊಡುತ್ತಿದ್ದಳು.

"ಅಕ್ಕಾ, ಗೊತ್ತಲ್ಲ. ಯಾರೇನ್ ಕೇಳಿದ್ರೂ ನೀನು ಸುಮ್ನಿರು. ನಾನು ಹೇಳ್ತೀನಿ."

"ಹೂಂ."

ದೇಶ ಬಿಟ್ಟು ಹೋಗುವವರ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಗಾಜಿನ ಕೌಂಟರು ಬಂತು. ಇಬ್ಬರ ಪಾಸ್‌ಪೋರ್ಟೂ ನಾನೇ ಇಟ್ಟೆ. ಒಳಗೆ ಕೂತಿದ್ದ ಅಧಿಕಾರಿ ವಯಸ್ಸಿನಲ್ಲಿ ನನ್ನ ಮಗನಂಥವನು. ಒಬ್ಬೊಬ್ಬರೇ ಬರಬೇಕು ಎಂದು ನನ್ನದನ್ನು ನನಗೆ ಕೊಟ್ಟು, ನನ್ನನ್ನು ಗೆರೆಯ ಹಿಂದೆ ಕಳಿಸಿದ. ಅಕ್ಕ ಕಂಬಳಿ ಸರಿಮಾಡಿಕೊಂಡು ನಿಂತಳು. ಹಳ್ಳಿಯ ಹೆಂಗಸರು ಮೊದಲ ಸಲ ದೇಶ ಬಿಟ್ಟು ಹೊರಟರೆ, ಅಂಥವರನ್ನು ಇನ್ನೊಮ್ಮೆ ನೋಡಿ ಕಳಿಸುತ್ತಾರೆ. ಆತ ಅಕ್ಕನ ಮುಖ ನೋಡಿದ, ಕಂಬಳಿ ನೋಡಿದ, ಮೆತ್ತಗೇ ಕೇಳಿದ.

"ಎಲ್ಲಿಗೆ ಹೋಗ್ತಿದ್ದೀರಮ್ಮ?"

ಅಕ್ಕ ಗಾಜಿನ ಕೆಳಗೆ ಕೈ ಹಾಕಿ ತನ್ನ ಪಾಸ್‌ಪೋರ್ಟ್ ತೆಗೆದುಕೊಂಡಳು. ತಿರುಗಿ ನಡೆದು ಬಂದಳು. ನನ್ನನ್ನೂ ದಾಟಿ, ಸಾಲನ್ನೂ ದಾಟಿ, ಹಿಂದಿನ ಕಂಬದ ಹತ್ತಿರ ಕಂಬಳಿ ಹಾಸಿ ಕೂತಳು. ಬಾಟಲಿಯ ಮುಚ್ಚಳ ತೆಗೆದಳು.

ನಮ್ಮ ಕಡೆ ಹೊರಟವರನ್ನು ಎಲ್ಲಿಗೆ ಎಂದು ಕೇಳುವುದಿಲ್ಲ. ಕೇಳಿದರೆ ಹೋದ ಕೆಲಸ ಆಗುವುದಿಲ್ಲ. ಕೇಳಲೇಬೇಕೆಂದರೆ, ದೂರವೇ ಎಂದು ಕೇಳುತ್ತಾರೆ. ತಿಳಿಯದವರು ಯಾರಾದರೂ ಕೇಳಿಬಿಟ್ಟರೆ ತಿರುಗಿ ಬಂದು ಕೂತು, ನೀರು ಕುಡಿದು, ಹೊಸದಾಗಿ ಹೊರಡಬೇಕು. ಎಲ್ಲಿಗೆ ಎಂದು ಕೇಳುವುದೇ ನೌಕರಿಯಾದ ಜನ ಇರುತ್ತಾರೆ, ಅವರಿಗೆ ಉತ್ತರ ಕೊಡಬೇಕು ಎಂದು ಅಕ್ಕನಿಗೆ ಹೇಳುವುದು ಇಷ್ಟು ಜನ ಬುದ್ಧಿವಂತರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಚಟ್ನಿಪುಡಿ ಹೊಳೆದಿತ್ತು.

"ಅಕ್ಕಾ, ಎದ್ದೇಳು. ಎಲ್ಲಾರೂ ನೋಡ್ತಿದಾರೆ."

"ಕೇಳಿಬಿಟ್ನಲ್ಲೇ ಹುಡುಗ. ಅವನಿಗೇನ್ ಗೊತ್ತು ಪಾಪ. ಒಂಚೂರು ನೀರು ಕುಡ್ದು ಹೋಗಾಣ. ನೀನೂ ಕುಂತ್ಕ."

ನಾನು ಕೂರಲಿಲ್ಲ. ಅಷ್ಟರಲ್ಲಿ ಆ ಅಧಿಕಾರಿಯೇ ಎದ್ದು ಬಂದು, ನಮ್ಮಿಬ್ಬರನ್ನೂ ಪಕ್ಕದ ಮೇಜಿನ ಹತ್ತಿರ ಕರೆದ. ಅಕ್ಕನಿಗೆ ಕುರ್ಚಿ ಕೊಟ್ಟ, ನನಗೆ ಕೊಡಲಿಲ್ಲ.

"ಇವರ ಪಾಸ್‌ಪೋರ್ಟ್ ನಿಮ್ಮ ಹತ್ರ ಯಾಕಿತ್ತು?"

ನಾನು ಏಜೆಂಟ್ ಹೇಳಿಕೊಟ್ಟಂತೆ ಇಂಗ್ಲಿಷಿನಲ್ಲಿ ಶುರುಮಾಡಿದೆ. "ಶೀ ಈಸ್ ಮೈ ಸಿಸ್ಟರ್. ಶೀ ಡಸ್ ನಾಟ್ ನೋ. ಐ ವಿಲ್ ಆನ್ಸರ್."

"ಅವರಿಗೆ ಗೊತ್ತಿಲ್ಲ, ನೀವು ಹೇಳ್ತೀರಿ. ಸರಿ. ಎಲ್ಲಿಗೆ ಅಂತ ಕೇಳಿದ್ದಕ್ಕೆ ಯಾಕೆ ತಿರುಗಿ ಹೋದ್ರು? ಏನು ಹೇಳಬಾರದು ಅಂತ ಹೇಳ್ಕೊಟ್ಟಿದ್ದೀರಿ?"

ರಿಟರ್ನ್ ಟಿಕೆಟ್ ತೋರಿಸಿದೆ. ಹೋಟೆಲ್ ಬುಕ್ ಮಾಡಿದ್ದು ತೋರಿಸಿದೆ. "ಇವೆಲ್ಲ ಎಲ್ಲರೂ ತೋರಿಸ್ತಾರೆ" ಎಂದ. "ಹಳ್ಳಿಯಿಂದ ಹೆಂಗಸರನ್ನ ಪ್ರವಾಸ ಅಂತ ಹೇಳಿ ಮನೆಗೆಲಸಕ್ಕೆ ಕರ್ಕೊಂಡು ಹೋಗೋರು ಹೀಗೇ ಮಾಡೋದು. ಪಾಸ್‌ಪೋರ್ಟ್ ತಾವೇ ಇಟ್ಕೊಳ್ತಾರೆ. ಅವರ ಬಾಯಿ ಬಿಡ್ಸಲ್ಲ. ಎಲ್ಲದಕ್ಕೂ ತಾವೇ ಇಂಗ್ಲಿಷಲ್ಲಿ ಉತ್ತರ ಕೊಡ್ತಾರೆ."

ಆ ಭೂಗೋಳ ತಿರುಗಿಸುವವನು ಹೇಳಿಕೊಟ್ಟ ಒಂದೊಂದನ್ನೂ ಅಕ್ಷರ ಬಿಡದೆ ಮಾಡಿದ್ದೆ. ಒಂದೊಂದೂ ನನ್ನನ್ನು ಹೆಣ್ಣಾಳು ಸಾಗಿಸುವ ದಲ್ಲಾಳಿಯನ್ನಾಗಿ ಮಾಡಿತ್ತು. ಎಲ್ಲಿಗೆ ಎಂದು ಕೇಳಬಾರದ ಪದ್ಧತಿಯನ್ನು ವಿವರಿಸಲು ಹೋದೆ. ಇಂಗ್ಲಿಷಿನಲ್ಲಿ ಬರಲಿಲ್ಲ. ಕನ್ನಡದಲ್ಲಿ ಹೇಳಿದರೆ ನನಗೇ ಕಟ್ಟುಕಥೆಯಂತೆ ಕೇಳಿಸಿತು. ಸಿಟ್ಟು ನೆತ್ತಿಗೇರಿತು. ನಾವು ಮರ್ಯಾದಸ್ಥರು, ನಿಮ್ಮಂಥವರನ್ನು ಎಷ್ಟೋ ಜನ ನೋಡಿದ್ದೇನೆ, ನಿಮ್ಮ ಮೇಲಿನವರನ್ನು ಕರೆಯಿರಿ ಎಂದು ಗಂಟಲು ಏರಿಸಿದೆ. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಕೂಗಾಡಿದ್ರೆ ಏನೂ ಆಗಲ್ಲ ಮೇಡಂ. ನನಗೆ ಸಮಾಧಾನ ಆಗದೆ ಇವರನ್ನ ಕಳಿಸಲ್ಲ. ನೀವು ಸುಮ್ನಿರಿ, ಅವರು ಹೇಳಲಿ."

ಆತ ಅಕ್ಕನ ಮುಂದೆ ಸ್ವಲ್ಪ ಬಾಗಿದ. "ಅಮ್ಮ, ಹೆದರಬೇಡಿ. ನಿಜ ಹೇಳಿ. ಇವರು ನಿಮ್ಮನ್ನ ಯಾಕೆ ಕರ್ಕೊಂಡು ಹೋಗ್ತಿದ್ದಾರೆ?"

ಇನ್ನು ಮುಗಿಯಿತು ಎಂದುಕೊಂಡೆ. ರಾತ್ರಿಯ ಬಸ್ಸಿನಲ್ಲಿ ಹಿರಿಯೂರು, ಬೆಳಿಗ್ಗೆ ಹೊಸದುರ್ಗ. ಸಿಮೆಂಟ್ ಅಂಗಡಿಯವರ ಹೆಂಡತಿ ಕೈ ಅಗಲಿಸಿ ನಿಂತಿದ್ದು ಕಣ್ಣಿಗೆ ಕಂಡಿತು. ಅಕ್ಕ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ನನ್ನ ಕಡೆ ಒಮ್ಮೆ ನೋಡಿ, ಆತನ ಕಡೆ ತಿರುಗಿದಳು.

"ಇವ್ಳೆಲ್ಲಿ ನನ್ನ ಕರ್ಕಂಡು ಹೋಗ್ತಾಳಪ್ಪ? ನಾನೇ ಇವ್ಳನ್ನ ಕರ್ಕಂಡು ಹೊಂಟೀನಿ."

"ನೀವಾ?"

"ಹೂಂ ಮತ್ತೆ. ನನ್ನ ಬೆನ್ನಿಗೆ ಬಿದ್ದೋಳು ಇವ್ಳು. ಸಣ್ಣೋಳಿದ್ದಾಗ ನೀರಿಗೆ ಹೋಗಾಕೂ ಒಬ್ಳೇ ಹೋಗ್ತಿರ್ಲಿಲ್ಲ. ಮದುವಿ ಆದ್ ಮ್ಯಾಲೆ ಗಂಡನ್ನ ಬಿಟ್ಟು ಎಲ್ಲೂ ಹೋಗ್ಲಿಲ್ಲ. ಈ ಸಲ ಗಂಡ ಬರಲ್ಲ ಅಂದ. ಒಬ್ಳೇ ಹೋಗ್ತೀನಿ ಅಂತ ಫೋನಿನಾಗೆ ಜೋರು ಮಾಡಿದ್ಲು. ದನಿ ನಡುಗ್ತಿತ್ತು. ಅದ್ಕೇ ಕುರಿ ಬಿಟ್ಟು ಬಂದೀನಿ. ನಂಗೆ ಯಾವ ದೇಶ ನೋಡೋದೂ ಬ್ಯಾಡಪ್ಪ."

ಅಕ್ಕ ಇನ್ನೂ ಮುಗಿಸಿರಲಿಲ್ಲ.

"ನಿನಗೂ ಬೈದ್ಲಲ್ಲ, ಬ್ಯಾಸರ ಮಾಡ್ಕಬ್ಯಾಡ. ಅದು ಸಿಟ್ಟಲ್ಲ. ಹೆದ್ರಿಕೆ ಆದಾಗ ಇವ್ಳು ಕಂಡ ಕಂಡೋರ್ನೆಲ್ಲ ಬೈತಾಳೆ. ಮೊದ್ಲಿಂದ್ಲೂ ಅಂಗೇ. ಬೆಳಿಗ್ಗೆ ಇಡ್ಲಿ ಹೋಟ್ಲಿಂದ ಶುರು ಮಾಡ್ಯಾಳೆ."

ಆತ ಈಗ ನನ್ನನ್ನು ನೋಡಿದ.

"ಹೌದೇನ್ರಿ?" ಎಂದು ಕೇಳಿದ.

ಇಲ್ಲ ಎಂದರೆ ಅಕ್ಕ ಸುಳ್ಳಿಯಾಗುತ್ತಾಳೆ, ಇಬ್ಬರೂ ವಾಪಸ್ಸು. ಹೌದು ಎನ್ನಬೇಕೆಂದರೆ, ಆ ಮಾತನ್ನು ನಾನು ಗಂಡನಿಗೂ ಹೇಳಿದವಳಲ್ಲ, ನನಗೂ ಹೇಳಿಕೊಂಡವಳಲ್ಲ. ಇಷ್ಟು ಜನರ ಬುದ್ಧಿವಾದವನ್ನು ಉಗಿದು ಉಪ್ಪು ಹಾಕಿದ ನಾಲಿಗೆ ಅಲ್ಲಿ ಒಣಗಿಹೋಯಿತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಅಳು ಬಂತು.

"ಹೌದ್ರಿ," ಎಂದೆ. "ಭಾಳ ಹೆದ್ರಿಕೆ ಐತೆ."

ಆತ ಅಕ್ಕನ ಪಾಸ್‌ಪೋರ್ಟ್ ತೆಗೆದುಕೊಂಡ. ನನ್ನ ಪಾಸ್‌ಪೋರ್ಟಿಗೂ ಕೈ ನೀಡಿದ. ಕೌಂಟರಿಗೆ ಹೋಗಿ ಎರಡಕ್ಕೂ ಮುದ್ರೆ ಒತ್ತಿಕೊಂಡು ಬಂದ. ಅಕ್ಕ ಎದ್ದು ಕಂಬಳಿ ಹೆಗಲಿಗೆ ಹಾಕಿಕೊಂಡಿದ್ದಳು. ಆತ ಅಕ್ಕನ ಪಾಸ್‌ಪೋರ್ಟನ್ನು ಅಕ್ಕನ ಕೈಗೆ ಕೊಟ್ಟ. ನನ್ನದನ್ನೂ ಅವಳ ಕೈಗೇ ಕೊಟ್ಟ.